ಫೆಲಾ ಕುಟಿ

ಫೆಲಾ ಅನಿಕುಲಾಪೊ ಕುಟಿ (೧೫ ಅಕ್ಟೋಬರ್ ೧೯೩೮ – ೨ ಆಗಸ್ಟ್ ೧೯೯೭) ನೈಜೀರಿಯಾ ದೇಶದ ಸಂಗೀತಗಾರ, ಗೀತರಚನೆಕಾರ, ವಾದ್ಯಮೇಳದ ನಾಯಕ ಹಾಗೂ ರಾಜಕೀಯ ಹೋರಾಟಗಾರ. 'ಅಫ್ರೋಬೀಟ್' ಎಂಬ ಸಂಗೀತ ಪ್ರಕಾರದ ಜನಕರೆಂದು ಅವರನ್ನು ಗುರುತಿಸಲಾಗುತ್ತದೆ. ಪಶ್ಚಿಮ ಆಫ್ರಿಕಾದ ಹೈಲೈಫ್ ಸಂಗೀತ, ಯೊರುಬಾ ಜನರ ಸಾಂಪ್ರದಾಯಿಕ ಲಯಗಳು, ಅಮೆರಿಕದ ಜಾಝ್ ಮತ್ತು ಫಂಕ್ ಶೈಲಿಗಳು ಅಫ್ರೋಬೀಟ್‌ನಲ್ಲಿ ಒಂದಾಗಿವೆ. ನೈಜೀರಿಯಾದ ಸೈನಿಕ ಆಡಳಿತ, ಭ್ರಷ್ಟಾಚಾರ ಮತ್ತು ವಸಾಹತುಶಾಹಿ ಮನೋಭಾವವನ್ನು ಅವರು ತಮ್ಮ ಹಾಡುಗಳಲ್ಲಿ ನೇರವಾಗಿ ಟೀಕಿಸಿದರು. ಇದಕ್ಕಾಗಿ ಅವರು ಹಲವು ಬಾರಿ ಬಂಧನ, ಹಲ್ಲೆ ಮತ್ತು ಸೆರೆವಾಸವನ್ನು ಅನುಭವಿಸಬೇಕಾಯಿತು. ಸರಕಾರದ ಒಂದೊಂದು ದಾಳಿಯೂ ಅವರಿಗೆ ಒಂದೊಂದು ಹಾಡಿನ ವಸ್ತುವಾಯಿತು. ಒಂದೊಂದು ಹಾಡೂ ಮತ್ತೊಂದು ದಾಳಿಗೆ ಕಾರಣವಾಯಿತು. ಆದುದರಿಂದ ಅವರ ಸಂಗೀತದ ಚರಿತ್ರೆಯನ್ನು ಅವರ ಜೀವನಚರಿತ್ರೆಯಿಂದ ಬೇರ್ಪಡಿಸಿ ನೋಡಲಾಗದು.

ಜನನ ಮತ್ತು ಕುಟುಂಬ

ಫೆಲಾ ಅವರ ಪೂರ್ಣ ಹೆಸರು ಒಲುಫೆಲಾ ಒಲುಸೆಗುನ್ ಒಲುಡೊಟುನ್ ರಾನ್ಸಮ್ ಕುಟಿ. ಅವರು ಜನಿಸಿದ್ದು ನೈಜೀರಿಯಾದ ನೈರುತ್ಯ ಭಾಗದಲ್ಲಿರುವ ಅಬೆಯೊಕುಟಾ ಪಟ್ಟಣದಲ್ಲಿ. ಆಗ ನೈಜೀರಿಯಾ ಬ್ರಿಟಿಷರ ಆಳ್ವಿಕೆಯಲ್ಲಿತ್ತು. ಯೊರುಬಾ ಭಾಷೆಯಲ್ಲಿ ಅಬೆಯೊಕುಟಾ ಎಂದರೆ ಬಂಡೆಯ ಕೆಳಗಿನ ಊರು ಎಂದರ್ಥ. ಓಲುಮೊ ಎಂಬ ಬೃಹತ್ ಬಂಡೆಯ ಆಶ್ರಯದಲ್ಲಿ ಬೆಳೆದ ಊರಾದ್ದರಿಂದ ಈ ಹೆಸರು ಬಂದಿದೆ.

ತಂದೆ ಇಸ್ರೇಲ್ ಒಲುಡೊಟುನ್ ರಾನ್ಸಮ್ ಕುಟಿ ಆಂಗ್ಲಿಕನ್ ಪಾದ್ರಿಯಾಗಿದ್ದರು. ಅಬೆಯೊಕುಟಾ ಗ್ರಾಮರ್ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದರು. ನೈಜೀರಿಯಾ ಶಿಕ್ಷಕರ ಸಂಘದ ಮೊದಲ ಅಧ್ಯಕ್ಷರೂ ಅವರೇ. ಶಿಸ್ತಿಗೆ ಹೆಸರಾಗಿದ್ದ ಅವರು ಮನೆಯಲ್ಲಿಯೂ ಶಾಲೆಯಲ್ಲಿಯೂ ಬೆತ್ತವನ್ನು ಬಿಟ್ಟವರಲ್ಲ. ಪಿಯಾನೋ ನುಡಿಸಬಲ್ಲವರಾಗಿದ್ದ ಅವರಿಂದಲೇ ಮಗನಿಗೆ ಸಂಗೀತದ ಮೊದಲ ಪಾಠಗಳು ದೊರೆತವು. ಅಜ್ಜ ಜೋಸಾಯ ರಾನ್ಸಮ್ ಕುಟಿಯವರೂ ಪಾದ್ರಿಯಾಗಿದ್ದು, ಯೊರುಬಾ ಭಾಷೆಯಲ್ಲಿ ಭಕ್ತಿಗೀತೆಗಳನ್ನು ರಚಿಸಿ ೧೯೨೦ರ ದಶಕದಲ್ಲಿ ಲಂಡನ್ನಿನಲ್ಲಿ ಗ್ರಾಮಫೋನ್ ತಟ್ಟೆಗಳಿಗೆ ಹಾಡಿದ್ದರು.

ತಾಯಿ ಫೂನ್ಮಿಲಾಯೊ ರಾನ್ಸಮ್ ಕುಟಿ ನೈಜೀರಿಯಾದ ಮಹಿಳಾ ಚಳವಳಿಯ ಅಗ್ರಗಣ್ಯ ನಾಯಕಿ. ಅಬೆಯೊಕುಟಾ ಮಹಿಳಾ ಸಂಘವನ್ನು ಕಟ್ಟಿದ ಅವರು, ಮಾರುಕಟ್ಟೆಯಲ್ಲಿ ವ್ಯಾಪಾರ ಮಾಡುತ್ತಿದ್ದ ಹೆಂಗಸರ ಮೇಲೆ ಹೇರಲಾಗಿದ್ದ ತೆರಿಗೆಯ ವಿರುದ್ಧ ೧೯೪೦ರ ದಶಕದ ಉತ್ತರಾರ್ಧದಲ್ಲಿ ಸಾವಿರಾರು ಮಹಿಳೆಯರನ್ನು ಸಂಘಟಿಸಿದರು. ಈ ಹೋರಾಟದ ಫಲವಾಗಿ ಅಲ್ಲಿನ ಸಾಂಪ್ರದಾಯಿಕ ಅರಸನಾದ ಅಲಾಕೆ ೧೯೪೯ರಲ್ಲಿ ಕೆಲಕಾಲ ಪಟ್ಟದಿಂದ ಇಳಿಯಬೇಕಾಯಿತು. ೧೯೭೦ರಲ್ಲಿ ಸೋವಿಯತ್ ಒಕ್ಕೂಟವು ಅವರಿಗೆ ಲೆನಿನ್ ಶಾಂತಿ ಪ್ರಶಸ್ತಿಯನ್ನು ನೀಡಿತು. ಅಧಿಕಾರಕ್ಕೆ ಎದುರು ನಿಲ್ಲುವ ಸ್ವಭಾವವನ್ನು ಫೆಲಾ ಬಾಲ್ಯದಲ್ಲಿಯೇ ತಾಯಿಯಲ್ಲಿ ಕಂಡಿದ್ದರು.

ಅಣ್ಣ ಒಲಿಕೊಯೆ ರಾನ್ಸಮ್ ಕುಟಿ ಮಕ್ಕಳ ವೈದ್ಯರಾಗಿದ್ದು ಮುಂದೆ ದೇಶದ ಆರೋಗ್ಯ ಸಚಿವರಾದರು. ತಮ್ಮ ಬೆಕೊ ರಾನ್ಸಮ್ ಕುಟಿಯವರೂ ವೈದ್ಯರಾಗಿದ್ದು ಮಾನವ ಹಕ್ಕುಗಳ ಹೋರಾಟಗಾರರೆಂದು ಪ್ರಸಿದ್ಧರಾದರು. ನೊಬೆಲ್ ಪುರಸ್ಕೃತ ಸಾಹಿತಿ ವೋಲೆ ಸೋಯಿಂಕಾ ಈ ಕುಟುಂಬದ ಹತ್ತಿರದ ಬಂಧು.

ಲಂಡನ್ ವಾಸ ಮತ್ತು ಸಂಗೀತ ಶಿಕ್ಷಣ

೧೯೫೮ರಲ್ಲಿ ಫೆಲಾ ವೈದ್ಯಕೀಯ ಶಿಕ್ಷಣಕ್ಕೆಂದು ಲಂಡನ್ನಿಗೆ ತೆರಳಿದರು. ಆದರೆ ಅಲ್ಲಿ ಟ್ರಿನಿಟಿ ಸಂಗೀತ ಕಾಲೇಜಿಗೆ ಸೇರಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನು ಅಭ್ಯಾಸ ಮಾಡಿದರು. ಆಗ ಅವರ ಮುಖ್ಯ ವಾದ್ಯ ಟ್ರಂಪೆಟ್. ಹಗಲು ಕಾಲೇಜಿನ ಪಾಠ, ರಾತ್ರಿ ಕ್ಲಬ್ಬುಗಳಲ್ಲಿ ಜಾಝ್ ಎಂಬಂತೆ ಅವರ ವಿದ್ಯಾರ್ಥಿ ಜೀವನ ಸಾಗಿತು. ಅಲ್ಲಿಯೇ 'ಕೂಲಾ ಲೋಬಿಟೋಸ್' ಎಂಬ ವಾದ್ಯಮೇಳವನ್ನು ಕಟ್ಟಿದರು. ರೆಮಿಲೆಕುನ್ ಟೇಲರ್ ಅವರನ್ನು ವಿವಾಹವಾದದ್ದೂ ಲಂಡನ್ನಿನಲ್ಲಿ. ಯೆನಿ, ಫೆಮಿ ಮತ್ತು ಶೋಲಾ ಈ ದಂಪತಿಯ ಮಕ್ಕಳು.

ಈ ನಡುವೆ, ೧೯೬೦ರ ಅಕ್ಟೋಬರ್ ೧ರಂದು, ನೈಜೀರಿಯಾ ಸ್ವತಂತ್ರವಾಯಿತು. ೧೯೬೩ರಲ್ಲಿ ಸ್ವದೇಶಕ್ಕೆ ಮರಳಿದ ಫೆಲಾ, ನೈಜೀರಿಯಾ ಪ್ರಸಾರ ನಿಗಮದಲ್ಲಿ ಕಾರ್ಯಕ್ರಮ ನಿರ್ಮಾಪಕರಾಗಿ ಕೆಲಕಾಲ ದುಡಿದು, ತಮ್ಮ ವಾದ್ಯಮೇಳವನ್ನು ಲಾಗೋಸ್ ನಗರದಲ್ಲಿ ಮತ್ತೆ ಕಟ್ಟಿದರು. ೧೯೬೪ರಲ್ಲಿ ಡ್ರಮ್ ವಾದಕ ಟೋನಿ ಆಲೆನ್ ಅವರ ಜೊತೆಗೂಡಿದರು. ಕೈಕಾಲುಗಳಲ್ಲಿ ಏಕಕಾಲಕ್ಕೆ ಬೇರೆ ಬೇರೆ ಲಯಗಳನ್ನು ನುಡಿಸಬಲ್ಲವರಾಗಿದ್ದ ಆಲೆನ್, ಮುಂದೆ ಅಫ್ರೋಬೀಟ್ ರೂಪುಗೊಳ್ಳುವುದರಲ್ಲಿ ಫೆಲಾ ಅವರಷ್ಟೇ ಮಹತ್ವದ ಪಾತ್ರ ವಹಿಸಿದರು. ಆದರೆ ಆರಂಭದ ಆ ವರ್ಷಗಳಲ್ಲಿ ಈ ಮೇಳಕ್ಕೆ ಹೇಳಿಕೊಳ್ಳುವಂತಹ ಜನಪ್ರಿಯತೆ ದೊರೆಯಲಿಲ್ಲ. ಲಾಗೋಸಿನ ಜನರಿಗೆ ಅವರ ಜಾಝ್ ಮಿಶ್ರಿತ ಹೈಲೈಫ್ ಕುಣಿತಕ್ಕೆ ಒಗ್ಗದ ಜಟಿಲ ಸಂಗೀತವೆನಿಸಿತು.

ಅಮೆರಿಕ ಪ್ರವಾಸ

೧೯೬೯ರಲ್ಲಿ, ನೈಜೀರಿಯಾದಲ್ಲಿ ಅಂತರ್ಯುದ್ಧ ನಡೆಯುತ್ತಿದ್ದ ಕಾಲದಲ್ಲಿ, ಫೆಲಾ ತಮ್ಮ ಮೇಳದೊಂದಿಗೆ ಅಮೆರಿಕಕ್ಕೆ ಹೋದರು. ಪ್ರವಾಸವು ಹಣಕಾಸಿನ ದೃಷ್ಟಿಯಿಂದ ವಿಫಲವಾಯಿತು. ಮೇಳದವರ ಬಳಿ ಕೆಲಸ ಮಾಡಲು ಬೇಕಾದ ಅನುಮತಿ ಪತ್ರವೂ ಇರಲಿಲ್ಲ. ಆದರೂ ಫೆಲಾ ಅವರ ಬಾಳಿನ ದಿಕ್ಕು ಬದಲಾದದ್ದು ಲಾಸ್ ಏಂಜಲೀಸ್ ನಗರದಲ್ಲಿ ಕಳೆದ ಆ ತಿಂಗಳುಗಳಲ್ಲಿಯೇ.

ಅಲ್ಲಿ ಅವರಿಗೆ ಸಾಂಡ್ರಾ ಇಸಡೋರ್ ಎಂಬ ಆಫ್ರಿಕನ್ ಅಮೆರಿಕನ್ ಯುವತಿಯ ಪರಿಚಯವಾಯಿತು. ಬ್ಲ್ಯಾಕ್ ಪ್ಯಾಂಥರ್ ಪಕ್ಷದ ವಿಚಾರಗಳಿಂದ ಪ್ರಭಾವಿತರಾಗಿದ್ದ ಅವರು, ಮಾಲ್ಕಮ್ ಎಕ್ಸ್ ಅವರ ಆತ್ಮಕಥೆಯನ್ನು ಫೆಲಾ ಅವರಿಗೆ ಓದಲು ಕೊಟ್ಟರು. ಆಫ್ರಿಕಾದಿಂದ ಬಂದ ತಮಗೆ ಆಫ್ರಿಕಾದ ಚರಿತ್ರೆಯೇ ಸರಿಯಾಗಿ ತಿಳಿದಿಲ್ಲವೆಂಬುದು ಫೆಲಾ ಅವರಿಗೆ ಆಗ ಮನವರಿಕೆಯಾಯಿತು. ಅದುವರೆಗೆ ಪ್ರೇಮ ಮತ್ತು ದಿನನಿತ್ಯದ ಲಘು ವಿಷಯಗಳನ್ನು ಹಾಡುತ್ತಿದ್ದ ಅವರು, ಇನ್ನು ಮುಂದೆ ಆಫ್ರಿಕಾದ ಜನರಿಗಾಗಿ, ಅವರ ಬದುಕಿನ ಕುರಿತು ಹಾಡಬೇಕೆಂದು ನಿರ್ಧರಿಸಿದರು. ಮೇಳದ ಹೆಸರು ಮೊದಲು 'ನೈಜೀರಿಯಾ ೭೦' ಎಂದೂ ಬಳಿಕ 'ಆಫ್ರಿಕಾ ೭೦' ಎಂದೂ ಬದಲಾಯಿತು.

ಅಫ್ರೋಬೀಟ್ ಸಂಗೀತದ ಸ್ವರೂಪ

ನೈಜೀರಿಯಾಕ್ಕೆ ಮರಳಿದ ಬಳಿಕ ಫೆಲಾ ರೂಪಿಸಿದ ಸಂಗೀತದಲ್ಲಿ ಲಯವೇ ಪ್ರಧಾನ. ಡ್ರಮ್, ಕೊಂಗಾ, ಮಣಿಗಳ ಬಲೆ ಸುತ್ತಿದ ಸೋರೆಬುರುಡೆಯ ವಾದ್ಯವಾದ ಶೆಕೆರೆ, ಗಿಟಾರ್ ಮತ್ತು ಬಾಸ್ ಗಿಟಾರ್‌ಗಳು ಪುಟ್ಟ ಪುಟ್ಟ ನಡೆಗಳನ್ನು ಎಡೆಬಿಡದೆ ಆವರ್ತಿಸುತ್ತವೆ. ಅವುಗಳ ಮೇಲೆ ಸ್ಯಾಕ್ಸೋಫೋನ್ ಮತ್ತು ಟ್ರಂಪೆಟ್‌ಗಳ ಸಮೂಹ ಮುಖ್ಯ ಸ್ವರಗುಚ್ಛವನ್ನು ನುಡಿಸುತ್ತದೆ. ಹಲವು ನಿಮಿಷಗಳ ವಾದನದ ನಂತರವೇ ಗಾಯನ ಆರಂಭವಾಗುತ್ತದೆ. ಫೆಲಾ ಒಂದು ಸಾಲು ಹಾಡಿದರೆ ಹಿಮ್ಮೇಳದ ಹೆಂಗಸರು ಅದಕ್ಕೆ ಉತ್ತರವಾಗಿ ಮತ್ತೊಂದು ಸಾಲು ಹಾಡುತ್ತಾರೆ. ಈ ಪ್ರಶ್ನೋತ್ತರ ಕ್ರಮ ಆಫ್ರಿಕಾದ ಜನಪದ ಗಾಯನದಿಂದ ಬಂದುದು.

ಹಾಡುಗಳು ಸಾಮಾನ್ಯವಾಗಿ ಹತ್ತು ನಿಮಿಷಗಳಿಗಿಂತ ದೀರ್ಘವಾಗಿರುತ್ತಿದ್ದವು. ಒಂದು ಹಾಡೇ ಧ್ವನಿಮುದ್ರಿಕೆಯ ಒಂದು ಮಗ್ಗುಲನ್ನು ಪೂರ್ತಿಯಾಗಿ ತುಂಬುವುದೂ ಉಂಟು. ೧೯೭೫ರ 'ಕನ್ಫ್ಯೂಷನ್' ಹಾಡಿನ ಅವಧಿ ೨೫ ನಿಮಿಷಗಳನ್ನು ಮೀರುತ್ತದೆ. ಮೂರು ನಾಲ್ಕು ನಿಮಿಷಗಳ ಹಾಡುಗಳನ್ನು ಬಯಸುವ ರೇಡಿಯೋ ಕೇಂದ್ರಗಳಿಗೂ ಪಾಶ್ಚಾತ್ಯ ಧ್ವನಿಮುದ್ರಣ ಸಂಸ್ಥೆಗಳಿಗೂ ಇದು ಅನುಕೂಲವಾಗಿರಲಿಲ್ಲ. ಅದಕ್ಕಾಗಿ ಹಾಡುಗಳನ್ನು ಮೊಟಕುಗೊಳಿಸಲು ಫೆಲಾ ಒಪ್ಪಲಿಲ್ಲ. ಒಮ್ಮೆ ಧ್ವನಿಮುದ್ರಣವಾದ ಹಾಡನ್ನು ಮತ್ತೆ ವೇದಿಕೆಯ ಮೇಲೆ ಹಾಡದಿರುವುದು ಅವರ ಇನ್ನೊಂದು ಪದ್ಧತಿ. ಹಾಡು ಆಯಾ ಕಾಲದ ಸಂಗತಿಗೆ ಸಂಬಂಧಿಸಿದ್ದು, ಕಾಲ ಮುಂದುವರಿದಂತೆ ಹೊಸ ಹಾಡು ಬರಬೇಕು ಎಂಬುದು ಅವರ ನಿಲುವಾಗಿತ್ತು.

ಭಾಷೆಯ ಆಯ್ಕೆಯೂ ಗಮನಾರ್ಹವಾದುದು. ಆರಂಭದಲ್ಲಿ ಹೆಚ್ಚಾಗಿ ಯೊರುಬಾ ಭಾಷೆಯಲ್ಲಿ ಹಾಡುತ್ತಿದ್ದ ಅವರು, ೧೯೭೦ರ ದಶಕದಲ್ಲಿ ಪಿಜಿನ್ ಇಂಗ್ಲಿಷನ್ನು ಮುಖ್ಯ ಭಾಷೆಯಾಗಿ ಸ್ವೀಕರಿಸಿದರು. ಇಂಗ್ಲಿಷ್ ಪದಗಳು ಸ್ಥಳೀಯ ಭಾಷೆಗಳ ವ್ಯಾಕರಣ ಮತ್ತು ಉಚ್ಚಾರಣೆಯೊಡನೆ ಬೆರೆತು ಹುಟ್ಟಿದ ಈ ಆಡುಮಾತನ್ನು ವಿದ್ಯಾವಂತರು ಕೀಳಾಗಿ ಕಾಣುತ್ತಿದ್ದರು. ಆದರೆ ನೂರಾರು ಭಾಷೆಗಳಿರುವ ನೈಜೀರಿಯಾದಲ್ಲಿ ಮಾರುಕಟ್ಟೆಯ ವ್ಯಾಪಾರಿ, ಬಸ್ ಚಾಲಕ, ಕೂಲಿಯಾಳು ಎಲ್ಲರಿಗೂ ಅರ್ಥವಾಗುತ್ತಿದ್ದುದು ಅದೊಂದೇ. ನೆರೆಯ ದೇಶಗಳಲ್ಲಿಯೂ ಅದು ಬಳಕೆಯಲ್ಲಿತ್ತು.

೧೯೭೧ರ 'ಜೆಯುನ್ ಕೊಕು' ಅವರ ಮೊದಲ ದೊಡ್ಡ ಯಶಸ್ಸು. ಆನಂತರ 'ಶಕಾರಾ' (೧೯೭೨), 'ಜೆಂಟಲ್‌ಮನ್' (೧೯೭೩), 'ಎಕ್ಸ್‌ಪೆನ್ಸಿವ್ ಶಿಟ್' (೧೯೭೫), 'ಯೆಲ್ಲೋ ಫೀವರ್' (೧೯೭೬) ಮೊದಲಾದವು ಹೊರಬಂದವು. 'ಜೆಂಟಲ್‌ಮನ್' ಬಿಸಿಲಿನ ದೇಶದಲ್ಲಿ ಕೋಟು, ಟೈ, ಟೊಪ್ಪಿಗಳನ್ನು ಧರಿಸಿ ಬೆವರುವ ಆಫ್ರಿಕನ್ನರನ್ನು ಗೇಲಿ ಮಾಡುತ್ತದೆ. 'ಯೆಲ್ಲೋ ಫೀವರ್' ಮೈಬಣ್ಣವನ್ನು ಬಿಳಿಚಿಸಿಕೊಳ್ಳಲು ಲೇಪಗಳನ್ನು ಬಳಸುವವರನ್ನು ಕುರಿತದ್ದು. ಸ್ಯಾಕ್ಸೋಫೋನ್ ವಾದಕ ಇಗೋ ಚಿಕೊ ಮೇಳವನ್ನು ತೊರೆದಾಗ ಫೆಲಾ ತಾವೇ ಆ ವಾದ್ಯವನ್ನು ಅಲ್ಪಕಾಲದಲ್ಲಿ ಕಲಿತರು. 'ಜೆಂಟಲ್‌ಮನ್' ಹಾಡಿನಲ್ಲಿ ಕೇಳಿಬರುವುದು ಅವರದೇ ವಾದನ.

ಕಲಕುಟಾ ಗಣರಾಜ್ಯ

ಫೆಲಾ ಲಾಗೋಸಿನಲ್ಲಿ 'ಆಫ್ರಿಕಾ ಶ್ರೈನ್' ಎಂಬ ಸಂಗೀತಶಾಲೆಯನ್ನು ನಡೆಸುತ್ತಿದ್ದರು. ಶ್ರೈನ್ ಎಂದರೆ ಗುಡಿ. ಅಲ್ಲಿ ಸಂಗೀತದ ಜೊತೆಗೆ ಯೊರುಬಾ ದೇವತೆಗಳ ಆರಾಧನೆಯೂ ರಾಜಕೀಯ ಭಾಷಣವೂ ನಡೆಯುತ್ತಿದ್ದವು. ಮೇಳದ ಕಲಾವಿದರು, ನರ್ತಕಿಯರು, ಬಂಧುಗಳು ಮತ್ತು ಆಶ್ರಯ ಬೇಡಿ ಬಂದವರು ಅವರ ಮನೆಯಲ್ಲಿಯೇ ಒಟ್ಟಾಗಿ ವಾಸಿಸುತ್ತಿದ್ದರು. ತಮ್ಮ ಬೆಕೊ ನಡೆಸುತ್ತಿದ್ದ ಚಿಕಿತ್ಸಾಲಯವೂ ಅದೇ ಆವರಣದಲ್ಲಿತ್ತು. ಈ ವಸತಿಗೆ ಫೆಲಾ 'ಕಲಕುಟಾ ಗಣರಾಜ್ಯ' ಎಂದು ಹೆಸರಿಟ್ಟು, ಅದು ನೈಜೀರಿಯಾ ಸರಕಾರದ ಅಧೀನಕ್ಕೆ ಒಳಪಡದ ಸ್ವತಂತ್ರ ಪ್ರದೇಶವೆಂದು ಸಾರಿದರು.

ಈ ಹೆಸರಿಗೆ ಭಾರತದ ನಂಟಿದೆ. ೧೯೭೪ರಲ್ಲಿ ಗಾಂಜಾ ಹೊಂದಿದ್ದ ಆರೋಪದ ಮೇಲೆ ಬಂಧಿತರಾದಾಗ ಫೆಲಾ ಅವರನ್ನು ಇರಿಸಿದ್ದ ಸೆರೆಕೋಣೆಯನ್ನು ಕೈದಿಗಳು ಕಲಕುಟಾ ಎಂದು ಕರೆಯುತ್ತಿದ್ದರು. ೧೭೫೬ರ ಕಲ್ಕತ್ತೆಯ ಕಪ್ಪುಕೋಣೆ ದುರಂತದ ನೆನಪಿನಿಂದ ಹುಟ್ಟಿದ ಹೆಸರದು ಎಂದು ವಿವರಿಸಲಾಗುತ್ತದೆ. ಸೆರೆಮನೆಯ ಆ ಹೆಸರನ್ನೇ ಫೆಲಾ ತಮ್ಮ ಸ್ವತಂತ್ರ ನೆಲೆಗೆ ಇಟ್ಟುಕೊಂಡರು.

ಇದೇ ಅವಧಿಯಲ್ಲಿ ಅವರು ರಾನ್ಸಮ್ ಎಂಬ ಕುಲನಾಮವು ಗುಲಾಮಗಿರಿಯ ಕುರುಹೆಂದು ಅದನ್ನು ಕೈಬಿಟ್ಟು, ಅನಿಕುಲಾಪೊ ಎಂಬ ಹೆಸರನ್ನು ಸ್ವೀಕರಿಸಿದರು. ಸಾವನ್ನು ತನ್ನ ಚೀಲದಲ್ಲಿ ಇಟ್ಟುಕೊಂಡವನು ಎಂಬುದು ಯೊರುಬಾ ಭಾಷೆಯಲ್ಲಿ ಆ ಹೆಸರಿನ ಅರ್ಥ.

೧೯೭೭ರ ಸೈನಿಕ ದಾಳಿ

೧೯೭೦ರ ದಶಕದಲ್ಲಿ ನೈಜೀರಿಯಾಕ್ಕೆ ಪೆಟ್ರೋಲಿಯಂ ಮಾರಾಟದಿಂದ ಅಪಾರ ಆದಾಯ ಬರುತ್ತಿತ್ತು. ಆದರೆ ಅದರ ಫಲ ಸಾಮಾನ್ಯ ಜನರಿಗೆ ತಲುಪುತ್ತಿರಲಿಲ್ಲ. ೧೯೬೬ರಿಂದ ದೇಶದಲ್ಲಿ ಸೈನ್ಯದ ಆಡಳಿತವಿತ್ತು. ಈ ಹಿನ್ನೆಲೆಯಲ್ಲಿ ಫೆಲಾ 'ಝಾಂಬಿ' ಎಂಬ ಹಾಡನ್ನು ಹೊರತಂದರು. ಸ್ವಂತ ಬುದ್ಧಿಯಿಲ್ಲದೆ ಮತ್ತೊಬ್ಬರ ಆಜ್ಞೆಯಂತೆ ನಡೆಯುವ ಜೀವಂತ ಶವಕ್ಕೆ ಝಾಂಬಿ ಎಂದು ಹೆಸರು. ನಿಲ್ಲೆಂದರೆ ನಿಲ್ಲುವ, ಕೊಲ್ಲೆಂದರೆ ಕೊಲ್ಲುವ ಸೈನಿಕರನ್ನು ಈ ಹಾಡು ಅದಕ್ಕೆ ಹೋಲಿಸಿತು. ಹಾಡು ದೇಶದೆಲ್ಲೆಡೆ ಜನಪ್ರಿಯವಾಯಿತು.

೧೯೭೭ರ ಜನವರಿ ಮತ್ತು ಫೆಬ್ರವರಿಯಲ್ಲಿ ಸರಕಾರವು ಲಾಗೋಸಿನಲ್ಲಿ 'ಫೆಸ್ಟಾಕ್' ಎಂಬ ಬೃಹತ್ ಆಫ್ರಿಕನ್ ಸಾಂಸ್ಕೃತಿಕ ಉತ್ಸವವನ್ನು ನಡೆಸಿತು. ಫೆಲಾ ಅದನ್ನು ಬಹಿಷ್ಕರಿಸಿ, ತಮ್ಮ ಶ್ರೈನ್‌ನಲ್ಲಿಯೇ ದಿನವೂ ಹಾಡಿದರು. ಉತ್ಸವಕ್ಕೆ ಬಂದ ಅನೇಕ ವಿದೇಶಿ ಕಲಾವಿದರು ಅಲ್ಲಿಗೆ ಹೋಗಿ ಅವರ ಸಂಗೀತವನ್ನೂ ಸರಕಾರದ ಟೀಕೆಯನ್ನೂ ಕೇಳಿದರು.

ಉತ್ಸವ ಮುಗಿದ ಕೆಲವೇ ದಿನಗಳಲ್ಲಿ, ೧೯೭೭ರ ಫೆಬ್ರವರಿ ೧೮ರಂದು, ಸುಮಾರು ಒಂದು ಸಾವಿರ ಸೈನಿಕರು ಕಲಕುಟಾವನ್ನು ಸುತ್ತುವರಿದರು. ಅಲ್ಲಿದ್ದವರನ್ನು ಥಳಿಸಲಾಯಿತು, ಮಹಿಳೆಯರ ಮೇಲೆ ಅತ್ಯಾಚಾರ ನಡೆಯಿತು. ಫೆಲಾ ತೀವ್ರವಾಗಿ ಗಾಯಗೊಂಡರು. ಎಪ್ಪತ್ತಾರು ವರ್ಷದ ಅವರ ತಾಯಿಯನ್ನು ಮಹಡಿಯ ಕಿಟಕಿಯಿಂದ ಹೊರಗೆ ಎಸೆಯಲಾಯಿತು. ಮನೆಗೆ ಬೆಂಕಿ ಇಡಲಾಯಿತು. ವಾದ್ಯಗಳು, ಧ್ವನಿಮುದ್ರಣದ ಸುರುಳಿಗಳು, ಬೆಕೊ ಅವರ ಚಿಕಿತ್ಸಾಲಯ ಎಲ್ಲವೂ ನಾಶವಾದವು. ಫೂನ್ಮಿಲಾಯೊ ಅವರು ಚೇತರಿಸಿಕೊಳ್ಳದೆ ೧೯೭೮ರ ಏಪ್ರಿಲ್ ೧೩ರಂದು ನಿಧನರಾದರು.

ವಿಚಾರಣೆಯಲ್ಲಿ ಯಾವ ಸೈನಿಕನ ಮೇಲೂ ಹೊಣೆ ಹೊರಿಸಲಿಲ್ಲ. ಬೆಂಕಿ ಇಟ್ಟವನು ಅಪರಿಚಿತ ಸೈನಿಕನೆಂಬ ತೀರ್ಮಾನಕ್ಕೆ ಬರಲಾಯಿತು. ಫೆಲಾ ಹೂಡಿದ ಪರಿಹಾರದ ದಾವೆಗೂ ಜಯ ಸಿಗಲಿಲ್ಲ. ವಿಚಾರಣಾ ವರದಿಯ ಆ ಮಾತನ್ನೇ ಶೀರ್ಷಿಕೆಯಾಗಿಸಿ ಅವರು 'ಅನ್‌ನೋನ್ ಸೋಲ್ಜರ್' ಎಂಬ ಹಾಡನ್ನು ರಚಿಸಿದರು. ಆಗ ದೇಶದ ಮುಖ್ಯಸ್ಥರಾಗಿದ್ದ ಜನರಲ್ ಒಲುಸೆಗುನ್ ಒಬಸಾಂಜೊ ಕೂಡ ಅಬೆಯೊಕುಟಾ ಮೂಲದವರೇ. ೧೯೭೯ರಲ್ಲಿ ಅವರು ಅಧಿಕಾರ ಬಿಟ್ಟುಕೊಡುವ ಹೊತ್ತಿಗೆ, ಫೆಲಾ ತಾಯಿಯ ಸಾವಿನ ಸಂಕೇತವಾಗಿ ಶವಪೆಟ್ಟಿಗೆಯೊಂದನ್ನು ಹೊತ್ತು ಲಾಗೋಸಿನ ಡೋಡನ್ ಸೈನಿಕ ನೆಲೆಯವರೆಗೆ ಹೋಗಿ ಅಲ್ಲಿ ಇರಿಸಿ ಬಂದರು. 'ಕಾಫಿನ್ ಫಾರ್ ಹೆಡ್ ಆಫ್ ಸ್ಟೇಟ್' ಎಂಬ ಹಾಡು ಈ ಘಟನೆಯನ್ನು ನಿರೂಪಿಸುತ್ತದೆ.

ರಾಜಕೀಯ ಮತ್ತು ಸೆರೆವಾಸ

೧೯೭೮ರಲ್ಲಿ ಬರ್ಲಿನ್ ಜಾಝ್ ಉತ್ಸವದ ಬಳಿಕ, ವೇತನ ಮತ್ತು ಹಣಕಾಸಿನ ಭಿನ್ನಾಭಿಪ್ರಾಯಗಳಿಂದಾಗಿ ಟೋನಿ ಆಲೆನ್ ಹಾಗೂ ಇತರ ಹಲವು ವಾದಕರು ಮೇಳವನ್ನು ತೊರೆದರು. ಫೆಲಾ 'ಈಜಿಪ್ಟ್ ೮೦' ಎಂಬ ಹೊಸ ಮೇಳವನ್ನು ಕಟ್ಟಿದರು. ಪ್ರಾಚೀನ ಈಜಿಪ್ಟಿನ ನಾಗರಿಕತೆಯು ಕಪ್ಪು ಆಫ್ರಿಕನ್ನರ ಪರಂಪರೆಗೆ ಸೇರಿದ್ದೆಂಬ ಅವರ ನಂಬಿಕೆ ಈ ಹೆಸರಿನ ಹಿಂದಿದೆ. ಅದೇ ಕಾಲದಲ್ಲಿ 'ಜನರ ಚಳವಳಿ' ಎಂಬ ಅರ್ಥದ ಹೆಸರಿನ ಪಕ್ಷವನ್ನು ಸ್ಥಾಪಿಸಿ ೧೯೭೯ರ ಅಧ್ಯಕ್ಷೀಯ ಚುನಾವಣೆಗೆ ನಿಲ್ಲಲು ಬಯಸಿದರು. ಪಕ್ಷಕ್ಕೆ ಮಾನ್ಯತೆ ದೊರೆಯಲಿಲ್ಲ.

೧೯೮೪ರಲ್ಲಿ ಅಮೆರಿಕ ಪ್ರವಾಸಕ್ಕೆ ಹೊರಟಿದ್ದ ಫೆಲಾ ಅವರನ್ನು ಲಾಗೋಸ್ ವಿಮಾನ ನಿಲ್ದಾಣದಲ್ಲಿ ವಿದೇಶಿ ಹಣದ ಅಕ್ರಮ ಸಾಗಣೆಯ ಆರೋಪದ ಮೇಲೆ ಬಂಧಿಸಲಾಯಿತು. ಜನರಲ್ ಮುಹಮ್ಮದು ಬುಹಾರಿಯವರ ಆಡಳಿತ ಕಾಲದ ನ್ಯಾಯಮಂಡಳಿ ಐದು ವರ್ಷಗಳ ಶಿಕ್ಷೆ ವಿಧಿಸಿತು. ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಸಂಸ್ಥೆಯು ಅವರನ್ನು ಆತ್ಮಸಾಕ್ಷಿಯ ಕೈದಿ ಎಂದು ಪರಿಗಣಿಸಿ ಬಿಡುಗಡೆಗೆ ಒತ್ತಾಯಿಸಿತು. ತಂದೆಯ ಅನುಪಸ್ಥಿತಿಯಲ್ಲಿ ಮಗ ಫೆಮಿ ಮೇಳವನ್ನು ಮುನ್ನಡೆಸಿದರು. ಸರಕಾರ ಬದಲಾದ ನಂತರ, ಸುಮಾರು ೨೦ ತಿಂಗಳ ಸೆರೆವಾಸ ಮುಗಿಸಿ, ಫೆಲಾ ೧೯೮೬ರಲ್ಲಿ ಹೊರಬಂದರು. ಅದೇ ವರ್ಷ ಅಮೆರಿಕದಲ್ಲಿ ಆಮ್ನೆಸ್ಟಿ ಏರ್ಪಡಿಸಿದ್ದ ಸಂಗೀತ ಕಾರ್ಯಕ್ರಮದಲ್ಲಿ ಭಾಗವಹಿಸಿದರು. ೧೯೮೯ರ 'ಬೀಸ್ಟ್ಸ್ ಆಫ್ ನೋ ನೇಷನ್' ಈ ಅವಧಿಯ ಮುಖ್ಯ ಕೃತಿ. ವರ್ಣಭೇದ ನೀತಿಯ ದಕ್ಷಿಣ ಆಫ್ರಿಕಾವನ್ನೂ ಅದರ ಬಗ್ಗೆ ಮೃದುವಾಗಿದ್ದ ಪಾಶ್ಚಾತ್ಯ ನಾಯಕರನ್ನೂ ಅದು ಖಂಡಿಸುತ್ತದೆ.

ಮಹಿಳೆಯರ ಕುರಿತ ನಿಲುವು ಮತ್ತು ಟೀಕೆಗಳು

೧೯೭೮ರ ಫೆಬ್ರವರಿಯಲ್ಲಿ, ಕಲಕುಟಾ ದಾಳಿಗೆ ಒಂದು ವರ್ಷ ತುಂಬಿದ ಸಂದರ್ಭದಲ್ಲಿ, ಫೆಲಾ ತಮ್ಮ ಮೇಳದ ೨೭ ಮಂದಿ ಗಾಯಕಿಯರು ಹಾಗೂ ನರ್ತಕಿಯರನ್ನು ಒಂದೇ ಸಮಾರಂಭದಲ್ಲಿ ವಿವಾಹವಾದರು. ದಾಳಿಯಲ್ಲಿ ನೊಂದು, ಸಮಾಜದ ನಿಂದೆಗೆ ಗುರಿಯಾಗಿದ್ದ ಅವರಿಗೆ ಇದರಿಂದ ಗೌರವದ ಸ್ಥಾನ ದೊರೆಯಿತೆಂದು ಬೆಂಬಲಿಗರು ವಾದಿಸುತ್ತಾರೆ. ಬಹುಪತ್ನಿತ್ವವು ಆಫ್ರಿಕಾದ ಸಂಪ್ರದಾಯವೆಂದು ಫೆಲಾ ಸಮರ್ಥಿಸಿಕೊಂಡಿದ್ದರು. ಸೆರೆಯಿಂದ ಬಿಡುಗಡೆಯಾದ ಮೇಲೆ, ಒಬ್ಬರು ಇನ್ನೊಬ್ಬರ ಸೊತ್ತಾಗಬಾರದೆಂದು ಹೇಳಿ ಈ ವಿವಾಹಗಳನ್ನು ಅವರು ಕೊನೆಗೊಳಿಸಿದರು.

ಆದರೆ ಮನೆಯಲ್ಲಿ ಅವರು ನಡೆಸುತ್ತಿದ್ದ ಆಡಳಿತ ಕಠಿಣವಾಗಿತ್ತು. ಅಲ್ಲಿದ್ದವರಿಗೆ ದೈಹಿಕ ಶಿಕ್ಷೆಯನ್ನೂ ಕೊಡುತ್ತಿದ್ದರು. ೧೯೭೨ರ 'ಲೇಡಿ' ಹಾಡು ಸಮಾನತೆ ಬಯಸುವ ಆಧುನಿಕ ಮಹಿಳೆಯರನ್ನು ಹಂಗಿಸುತ್ತದೆ. ಮಹಿಳೆಯರ ಹಕ್ಕಿಗಾಗಿ ಅರಸನನ್ನೇ ಪಟ್ಟದಿಂದ ಇಳಿಸಿದ ತಾಯಿಯ ಮಗ, ಸರ್ವಾಧಿಕಾರವನ್ನು ವಿರೋಧಿಸಿದ ಕಲಾವಿದ, ತನ್ನ ಮನೆಯ ಹೆಂಗಸರ ವಿಷಯದಲ್ಲಿ ಹೀಗೆ ನಡೆದುಕೊಂಡದ್ದು ಅವರ ಜೀವನದ ದೊಡ್ಡ ವಿರೋಧಾಭಾಸವೆಂದು ವಿಮರ್ಶಕರು ಗುರುತಿಸುತ್ತಾರೆ.

ನಿಧನ

೧೯೯೦ರ ದಶಕದಲ್ಲಿ ಫೆಲಾ ಅವರ ಧ್ವನಿಮುದ್ರಣಗಳು ವಿರಳವಾದವು. ೧೯೯೨ರ 'ಅಂಡರ್‌ಗ್ರೌಂಡ್ ಸಿಸ್ಟಮ್' ಅವರ ಜೀವಿತಾವಧಿಯ ಕೊನೆಯ ಪ್ರಮುಖ ಕೃತಿ. ಆರೋಗ್ಯ ಕೆಟ್ಟರೂ ಪಾಶ್ಚಾತ್ಯ ವೈದ್ಯಪದ್ಧತಿಯ ಚಿಕಿತ್ಸೆಗೆ ಅವರು ಒಪ್ಪುತ್ತಿರಲಿಲ್ಲ. ೧೯೯೭ರ ಆಗಸ್ಟ್ ೨ರಂದು, ತಮ್ಮ ೫೮ನೆಯ ವಯಸ್ಸಿನಲ್ಲಿ, ಲಾಗೋಸಿನಲ್ಲಿ ನಿಧನರಾದರು. ಆಗ ತಮ್ಮ ಬೆಕೊ ಜನರಲ್ ಸಾನಿ ಅಬಾಚಾ ಅವರ ಸರಕಾರದ ಸೆರೆಯಲ್ಲಿದ್ದರು.

ಮರುದಿನ ಅಣ್ಣ ಒಲಿಕೊಯೆಯವರು ತಮ್ಮನ ಸಾವಿಗೆ ಏಡ್ಸ್ ಸಂಬಂಧಿತ ಕಾಯಿಲೆ ಕಾರಣವೆಂದು ಬಹಿರಂಗವಾಗಿ ಪ್ರಕಟಿಸಿದರು. ಆರೋಗ್ಯ ಸಚಿವರಾಗಿ ಏಡ್ಸ್ ಬಗ್ಗೆ ಜಾಗೃತಿ ಮೂಡಿಸಿದವರು ಅವರು. ಕಾಂಡೋಮ್ ಬಳಕೆಯನ್ನು ಆಫ್ರಿಕಾಕ್ಕೆ ಸಲ್ಲದ್ದೆಂದು ಮೂದಲಿಸಿದವರು ಅವರ ತಮ್ಮ. ಆ ರೋಗದ ಹೆಸರನ್ನು ಹೇಳಲೂ ಜನ ಹಿಂಜರಿಯುತ್ತಿದ್ದ ಕಾಲದಲ್ಲಿ, ದೇಶದ ಅತ್ಯಂತ ಪ್ರಸಿದ್ಧ ಕಲಾವಿದನ ಕುರಿತು ಬಂದ ಈ ಪ್ರಕಟಣೆ ನೈಜೀರಿಯಾದಲ್ಲಿ ಏಡ್ಸ್ ಬಗೆಗಿನ ಮೌನವನ್ನು ಮುರಿಯಿತು. ಪಾರ್ಥಿವ ಶರೀರವನ್ನು ಟಫಾವಾ ಬಲೇವಾ ಚೌಕದಲ್ಲಿ ಸಾರ್ವಜನಿಕ ದರ್ಶನಕ್ಕೆ ಇರಿಸಿದಾಗ ಲಕ್ಷಾಂತರ ಜನ ಸೇರಿದರು. ಲಾಗೋಸಿನ ಇಕೆಜಾದಲ್ಲಿ ಅವರು ವಾಸವಾಗಿದ್ದ ಮನೆಯ ಆವರಣದಲ್ಲಿಯೇ ಸಮಾಧಿ ಮಾಡಲಾಯಿತು.

ಪ್ರಭಾವ ಮತ್ತು ಸ್ಮರಣೆ

ಫೆಲಾ ಅವರ ಮಕ್ಕಳಾದ ಫೆಮಿ ಕುಟಿ ಮತ್ತು ಶೇಯುನ್ ಕುಟಿ ಅಫ್ರೋಬೀಟ್ ಪರಂಪರೆಯನ್ನು ಮುಂದುವರಿಸಿದ್ದಾರೆ. ತಂದೆ ತೀರಿಕೊಂಡಾಗ ಹದಿನಾಲ್ಕು ವರ್ಷದವರಾಗಿದ್ದ ಶೇಯುನ್ 'ಈಜಿಪ್ಟ್ ೮೦' ಮೇಳದ ಹೊಣೆ ಹೊತ್ತರು. ಮಗಳು ಯೆನಿ ೧೯೯೮ರಲ್ಲಿ ಆರಂಭಿಸಿದ 'ಫೆಲಾಬ್ರೇಷನ್' ಉತ್ಸವವು ಪ್ರತಿವರ್ಷ ಅಕ್ಟೋಬರ್ ತಿಂಗಳಲ್ಲಿ ಫೆಲಾ ಅವರ ಜನ್ಮದಿನದ ಆಸುಪಾಸಿನಲ್ಲಿ ನಡೆಯುತ್ತದೆ. ಫೆಮಿ ಮತ್ತು ಯೆನಿ ಇಕೆಜಾದಲ್ಲಿ 'ನ್ಯೂ ಆಫ್ರಿಕಾ ಶ್ರೈನ್' ಸ್ಥಾಪಿಸಿದರು. ಫೆಲಾ ಅವರ ಮನೆ ೨೦೧೨ರಿಂದ 'ಕಲಕುಟಾ ವಸ್ತುಸಂಗ್ರಹಾಲಯ'ವಾಗಿದೆ. ಅವರ ಜೀವನವನ್ನು ಆಧರಿಸಿದ 'ಫೆಲಾ!' ಎಂಬ ಸಂಗೀತ ನಾಟಕವು ೨೦೦೯ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಗೆ ಬಂದು, ಮರುವರ್ಷ ಮೂರು ಟೋನಿ ಪ್ರಶಸ್ತಿಗಳನ್ನು ಪಡೆಯಿತು.

ಇಪ್ಪತ್ತೊಂದನೆಯ ಶತಮಾನದಲ್ಲಿ ಜಗತ್ಪ್ರಸಿದ್ಧವಾಗಿರುವ 'ಅಫ್ರೋಬೀಟ್ಸ್' ಎಂಬ ಪಶ್ಚಿಮ ಆಫ್ರಿಕಾದ ಪಾಪ್ ಸಂಗೀತವನ್ನು ಫೆಲಾ ಅವರ 'ಅಫ್ರೋಬೀಟ್'ನೊಂದಿಗೆ ಗೊಂದಲ ಮಾಡಿಕೊಳ್ಳಬಾರದು. ಹೊಸ ಶೈಲಿಯ ಹಾಡುಗಳು ಚಿಕ್ಕವು, ಹೆಚ್ಚಾಗಿ ಕಂಪ್ಯೂಟರ್ ನೆರವಿನಿಂದ ಸಂಯೋಜಿತವಾದವು. ಆದರೂ ಬರ್ನಾ ಬಾಯ್ ಮೊದಲಾದ ಕಲಾವಿದರು ಫೆಲಾ ಅವರ ಋಣವನ್ನು ಸ್ಮರಿಸುತ್ತಾರೆ. ಬರ್ನಾ ಬಾಯ್ ಅವರ ಅಜ್ಜ ಬೆನ್ಸನ್ ಇಡೋನಿಜೆ ಒಂದು ಕಾಲಕ್ಕೆ ಫೆಲಾ ಅವರ ವ್ಯವಸ್ಥಾಪಕರಾಗಿದ್ದರು. ಧ್ವನಿಮುದ್ರಣವಾದ ಹಾಡನ್ನು ಫೆಲಾ ಮತ್ತೆ ವೇದಿಕೆಯಲ್ಲಿ ಹಾಡುತ್ತಿರಲಿಲ್ಲ. ಇಂದು ಆ ಹಾಡುಗಳೇ ಲಾಗೋಸಿನ ಶ್ರೈನ್‌ನಲ್ಲಿ, ಜನರ ಪ್ರತಿಭಟನೆಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿವೆ.